ಥೈರಾಯ್ಡ್ ಗಂಟು: ಸೂಜಿ ಹೇಳುವುದು, ಹೇಳದಿರುವುದು

ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿಯಲ್ಲಿ ಕಾಣಿಸಿಕೊಳ್ಳುವ ಗಂಟುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾನ್ಸರ್ ಅಲ್ಲದವು. ಉಳಿದ ಒಂದು ಯಾವುದೆಂದು ಬೆರಳಿನಿಂದ ಮುಟ್ಟಿ ಹೇಳಲಾಗದ ಕಾರಣ, ಹಿಂದೆ ಅನೇಕರ ಗ್ರಂಥಿಯನ್ನು ಬರೀ ಸಂಶಯದ ಮೇಲೆಯೇ ಕತ್ತರಿಸಿ ತೆಗೆಯಲಾಗುತ್ತಿತ್ತು. 20ನೇ ಶತಮಾನದ ಮಧ್ಯಭಾಗದಲ್ಲಿ ಸ್ವೀಡನ್ನಿನ ವೈದ್ಯರು ಬೆಳೆಸಿದ, ಆಸ್ಪತ್ರೆಗಳಲ್ಲಿ ಎಫ್‌ಎನ್‌ಎಸಿ ಎಂದು ಕರೆಯುವ ಸೂಕ್ಷ್ಮಸೂಜಿ ಪರೀಕ್ಷೆ ಈ ರೂಢಿಯನ್ನು ಬದಲಿಸಿತು. ಕ್ಯಾನ್ಸರನ್ನು ಪತ್ತೆಹಚ್ಚುವುದಕ್ಕಿಂತಲೂ ಬೇಡದ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವುದೇ ಇದರ ದೊಡ್ಡ ಉಪಕಾರ ಎನ್ನಬೇಕು.

ನಿಪ್ಪಾಣಿ ತಾಲ್ಲೂಕಿನ ಬೋರಗಾಂವದಂಥ ಗಡಿಭಾಗದ ಊರಿಗೆ ಈ ಉಪಕಾರದ ಬೆಲೆ ಇನ್ನೂ ಹೆಚ್ಚು. ದೊಡ್ಡ ಆಸ್ಪತ್ರೆಯೆಂದರೆ ಇಲ್ಲಿನವರಿಗೆ ಒಂದೋ ಬೆಳಗಾವಿ, ಇಲ್ಲವೇ ರಾಜ್ಯದ ಗಡಿ ದಾಟಿದ ಕೊಲ್ಹಾಪುರ, ಮಿರಜ. ಇಡೀ ಗ್ರಂಥಿ ಹೋದವರು ಬದುಕಿರುವವರೆಗೆ ಥೈರಾಕ್ಸಿನ್ ಮಾತ್ರೆ ನುಂಗುತ್ತ, ರಕ್ತಪರೀಕ್ಷೆಗೆಂದು ಕೆಲಸ ಬಿಟ್ಟು ಮತ್ತೆ ಮತ್ತೆ ಓಡಾಡಬೇಕಾಗುತ್ತದೆ.

ಹಾಗೆಂದು ಎಲ್ಲ ಗಂಟಿಗೂ ಸೂಜಿ ಬೇಕಿಲ್ಲ. ಮೊದಲು ರಕ್ತದಲ್ಲಿ ಟಿಎಸ್‌ಎಚ್, ಎಂದರೆ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು, ಎಷ್ಟಿದೆಯೆಂದು ನೋಡುತ್ತಾರೆ. ಅದು ತೀರ ಕಡಿಮೆಯಿದ್ದರೆ ಗಂಟೇ ಥೈರಾಯ್ಡ್ ಹಾರ್ಮೋನನ್ನು ಅತಿಯಾಗಿ ಉತ್ಪಾದಿಸುತ್ತಿರಬಹುದು, ಅಂಥದ್ದು ಕ್ಯಾನ್ಸರ್ ಆಗಿರುವುದು ಅಪರೂಪ. ಅನಂತರದ್ದು ಅಲ್ಟ್ರಾಸೌಂಡ್. ಗಂಟಿನ ಅಂಚು ಒರಟಾಗಿದ್ದು ಒಳಗೆ ಸುಣ್ಣದ ಸೂಕ್ಷ್ಮ ಕಣಗಳು ಕಂಡರೆ 1 ಸೆಂಟಿಮೀಟರ್ ಗಾತ್ರಕ್ಕೇ ಸೂಜಿ ಹಾಕಲು ಸೂಚಿಸುತ್ತಾರೆ. ಸಂಶಯ ಅಲ್ಪವಾಗಿದ್ದರೆ 2.5 ಸೆಂಟಿಮೀಟರ್‌ವರೆಗೂ ಕಾಯಬಹುದು.

ಪರೀಕ್ಷೆಗೆ ಬಳಸುವ ಸೂಜಿ ರಕ್ತ ತೆಗೆಯುವ ಸಾಮಾನ್ಯ ಸೂಜಿಗಿಂತ ತೆಳ್ಳಗಿದ್ದು, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಹೊರಬಂದ ಜೀವಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಚ್ಚಿ, ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ಓದುತ್ತಾರೆ. ತಲಾ ಹತ್ತು ಕೋಶಗಳಾದರೂ ಇರುವ ಆರು ಗುಂಪುಗಳು ಸಾಮಾನ್ಯವಾಗಿ ಸಿಗಬೇಕು, ಇಲ್ಲದಿದ್ದರೆ ಮಾದರಿ ಸಾಲದೆಂದು ಬರೆಯುತ್ತಾರೆ. ಇದನ್ನು ‘ಏನೂ ಇಲ್ಲ’ ಎಂದು ಓದಿಕೊಂಡು ನಿರಾಳವಾಗುವುದು ತಪ್ಪು, ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕೆಂಬುದೇ ಅದರ ಅರ್ಥ.

ಅಮೆರಿಕದ ಬೆಥೆಸ್ಡಾದಲ್ಲಿ 2007ರಲ್ಲಿ ನಡೆದ ಸಭೆಯಿಂದ ರೂಪುಗೊಂಡ ಪದ್ಧತಿ ಫಲಿತಾಂಶವನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. ಎರಡನೆಯದು ಅಪಾಯರಹಿತ, ಆರನೆಯದು ಕ್ಯಾನ್ಸರ್. ತೊಡಕಿರುವುದು ನಡುವೆ, ಅದರಲ್ಲೂ ನಾಲ್ಕನೆಯ ಫಾಲಿಕ್ಯುಲರ್ ವರ್ಗದಲ್ಲಿ. ಪ್ಯಾಪಿಲರಿ ಕ್ಯಾನ್ಸರನ್ನು ಜೀವಕೋಶದ ಕೇಂದ್ರದ ಸ್ವರೂಪವೇ ಬಯಲು ಮಾಡುತ್ತದೆ. ಫಾಲಿಕ್ಯುಲರ್ ಗಡ್ಡೆಯಲ್ಲಾದರೋ ಕ್ಯಾನ್ಸರಿನ ಗುರುತು ಕೋಶದಲ್ಲಿಲ್ಲ, ಕೋಶಗಳು ಗಂಟಿನ ಹೊದಿಕೆಯನ್ನು ಅಥವಾ ರಕ್ತನಾಳವನ್ನು ಭೇದಿಸಿವೆಯೇ ಎಂಬುದರಲ್ಲಿದೆ. ಬಿಡಿ ಕೋಶಗಳನ್ನಷ್ಟೇ ತರುವ ಸೂಜಿಗೆ ಆ ಹೊದಿಕೆ ಕಾಣುವುದಿಲ್ಲವಾದ್ದರಿಂದ, ಎಷ್ಟೇ ನುರಿತವರು ಓದಿದರೂ ಇಲ್ಲಿ ಅನೇಕ ಬಾರಿ ಗ್ರಂಥಿಯ ಅರ್ಧಭಾಗವನ್ನು ತೆಗೆದೇ ನೋಡಬೇಕಾಗುತ್ತದೆ.

ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತದೆಂಬ ಭಯ ಜನರಲ್ಲಿ ಗಟ್ಟಿಯಾಗಿದೆ. ಥೈರಾಯ್ಡಿನಲ್ಲಿ ಹಾಗಾಗುವುದು ಅತ್ಯಂತ ವಿರಳ, ಆ ಭಯದಿಂದ ಪರೀಕ್ಷೆ ಮುಂದೂಡುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ವರದಿಯ ಜೊತೆಗೆ ಸ್ಲೈಡುಗಳನ್ನೂ ಕೇಳಿ ಪಡೆದಿಟ್ಟುಕೊಂಡರೆ, ಬೆಳಗಾವಿಯಲ್ಲಿ ತೆಗೆದ ಮಾದರಿಯನ್ನು ಮಿರಜದ ಪೆಥಾಲಜಿಸ್ಟ್ ಮತ್ತೆ ಚುಚ್ಚದೆಯೇ ಇನ್ನೊಮ್ಮೆ ಓದಬಹುದು.