ಗುಳುಮುಳುಕದ ದೂರದ ನೆಂಟರು

ಹೊರಮಾವು ಅಗರ ಕೆರೆಯಾಗಲಿ, ಆಚೆಯ ಕಲ್ಕೆರೆಯಾಗಲಿ, ನೀರಿನ ಮೇಲೆ ತೇಲುವುದೆಲ್ಲ ನಮಗೆ ಬಾತುಕೋಳಿಯೇ. ಬೆಂಗಳೂರಿನ ಕೆರೆಗಳಲ್ಲಿ ಮಾಮೂಲಾಗಿ ಕಾಣುವ ಮೂರು ಹಕ್ಕಿಗಳನ್ನೇ ನೋಡಿ: ವರಟೆ, ನಾಮದ ಕೋಳಿ, ಗುಳುಮುಳುಕ. ಇವುಗಳಲ್ಲಿ ವರಟೆಯೊಂದೇ ನಿಜವಾದ ಬಾತು. ಹಣೆಗೆ ಬಿಳಿ ನಾಮವಿಟ್ಟ ಕರಿಯ ನಾಮದ ಕೋಳಿ ಸಾರಸ, ಕ್ರೌಂಚಗಳ ಗಣದ್ದು. ಗುಳುಮುಳುಕದ್ದು ಇವೆರಡೂ ಅಲ್ಲದ ಮೂರನೆಯ ಗಣ. ಅದರ ವಂಶಾವಳಿಯೇ ಒಂದು ಕಥೆ.

ಗೇಣಿಗಿಂತ ತುಸು ಉದ್ದದ, ಬಾಲವೇ ಇಲ್ಲವೇನೋ ಎನಿಸುವ ಗುಂಡು ಹಕ್ಕಿ ಇದು. ಮರಿ ಮಾಡುವ ಕಾಲಕ್ಕೆ ಕೆನ್ನೆ, ಕತ್ತು ಕೆಂಗಂದಾಗುತ್ತವೆ. ಕೊಕ್ಕಿನ ಬುಡದಲ್ಲಿ ಹಳದಿ ಮಚ್ಚೆ ಮೂಡುತ್ತದೆ. ಕಾಲುಗಳು ದೋಣಿಯ ಮೋಟರಿನಂತೆ ಮೈಯ ತೀರ ಹಿಂದಕ್ಕಿವೆ. ನೀರೊಳಗೆ ಮೀನು, ಹುಳುಗಳನ್ನು ಬೆನ್ನಟ್ಟಲು ಇದು ಸರಿ, ದಡದಲ್ಲಿ ಮಾತ್ರ ಪೇಚಾಟ. ವರಟೆಯ ಬೆರಳುಗಳ ನಡುವೆ ಜಾಲಪೊರೆ ಇದ್ದರೆ, ಇದರ ಒಂದೊಂದು ಬೆರಳಿಗೂ ಎಲೆಯಂಥ ಪ್ರತ್ಯೇಕ ಅಂಚು. ನಾಮದ ಕೋಳಿಗೂ ಅಂಥದೇ ಅಂಚುಂಟು, ಆದರೆ ಗೆಣ್ಣುಗೆಣ್ಣಿಗೆ ಕತ್ತರಿಸಿದಂತೆ. ನಂಟಿಲ್ಲದ ಎರಡು ಹಕ್ಕಿಗಳು ಒಂದೇ ಬಗೆಯ ಬದುಕಿನಿಂದ ಒಂದೇ ಬಗೆಯ ಕಾಲು ಪಡೆದಿವೆ.

ಗೂಡು ತೇಲುವ ಜೊಂಡಿನ ರಾಶಿ. ಎದ್ದು ಹೋಗುವಾಗ ಮೊಟ್ಟೆಗಳ ಮೇಲೆ ಕಳೆ ಎಳೆದು ಮುಚ್ಚುತ್ತದೆ. ಪಟ್ಟೆಪಟ್ಟೆ ಮರಿಗಳು ತಾಯಿತಂದೆಯರ ಬೆನ್ನೇರಿ ಸವಾರಿ ಮಾಡುತ್ತವೆ. ತನ್ನದೇ ಪುಕ್ಕಗಳನ್ನು ನುಂಗುವ ವಿಚಿತ್ರ ಚಾಳಿಯೂ ಇದಕ್ಕುಂಟು; ಮೀನಿನ ಮುಳ್ಳು ಹೊಟ್ಟೆಗೆ ಚುಚ್ಚದಿರಲಿ ಎಂದಿರಬೇಕು.

1758ರಲ್ಲಿ ಲಿನೇಯಸ್ ಈ ಕುಲವನ್ನು ಉತ್ತರದ ತಣ್ಣನೆಯ ನಾಡುಗಳ ಲೂನ್ ಹಕ್ಕಿಗಳೊಂದಿಗೆ ಸೇರಿಸಿದ್ದ. ಅವುಗಳ ಕಾಲೂ ಹಿಂದಕ್ಕಿವೆ, ಅವೂ ಮುಳುಗುತ್ತವೆ, ತಪ್ಪಿದ್ದು ಸಹಜವೇ. 2001ರಲ್ಲಿ ಡಿಎನ್‌ಎ ಹೋಲಿಸಿದವರಿಗೆ ಸಿಕ್ಕ ಹತ್ತಿರದ ನೆಂಟ ಫ್ಲೆಮಿಂಗೊ, ಅಂದರೆ ಪುಲಿಕಾಟ್ ಸರೋವರದಲ್ಲಿ ಹಿಂಡುಗಟ್ಟುವ ಉದ್ದಗಾಲಿನ ರಾಜಹಂಸ! ನಂಬದವರೂ ಇದ್ದರು. ಆದರೆ ಮತ್ತೆ ಕಣ್ಣಿಟ್ಟಾಗ ಎರಡರ ಮೊಟ್ಟೆಗೂ ಸುಣ್ಣ ಬಳಿದಂಥ ಹೊದಿಕೆ, ಎರಡರ ಕರುಳಲ್ಲೂ ಒಂದೇ ಕುಟುಂಬದ ಲಾಡಿಹುಳು ಕಂಡವು. 2014ರಲ್ಲಿ 48 ಹಕ್ಕಿಗಳ ಇಡೀ ಜೀನೋಮ್ ಓದಿದ ಅಧ್ಯಯನವೂ ಇದನ್ನೇ ಹೇಳಿತು.

ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಗುಳುಮುಳುಕಕ್ಕೆ ಹಾರಲು ಬಾರದು. ನಮ್ಮದು ಹಾರುತ್ತದೆ, ನೀರು ಬತ್ತಿದರೆ ಬೇರೆ ಕೆರೆ ಹುಡುಕುತ್ತದೆ. ಆದರೆ ಮೇಲೇಳಲು ಅದು ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದಿಷ್ಟು ದೂರ ಓಡಬೇಕು. ಅಂತರಗಂಗೆ ಇಡೀ ಕೆರೆಯನ್ನು ಮುಚ್ಚಿದರೆ ಆ ಓಟಕ್ಕೂ ಜಾಗವಿಲ್ಲ.