ಸಲಹೆಗಾರರ ಪಟ್ಟಿಯಲ್ಲಿ ಇರುವವರು ಯಾರು?

ಮದುವೆ ಕರೆಯೋಲೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಹತ್ತಾರು ಹೆಸರು ಅಚ್ಚಾಗಿರುತ್ತವೆ. ಅವರಲ್ಲಿ ಎಷ್ಟು ಮಂದಿ ಚಪ್ಪರ ಹಾಕಲು ಬಂದರು ಎಂದು ಯಾರೂ ಕೇಳುವುದಿಲ್ಲ. ಹೊಸ ಕ್ರಿಪ್ಟೋ ಟೋಕನ್ ಮಾರಿ ಜನರಿಂದ ಬಂಡವಾಳ ಎತ್ತುವ ಕಂಪನಿಗಳ ಪ್ರಕಟಣೆಯಲ್ಲೂ ಇಂಥದೇ ಪಟ್ಟಿಯೊಂದಿರುತ್ತದೆ. ಅದು ಸಲಹೆಗಾರರ ಪಟ್ಟಿ. ಇಲ್ಲಿ ಮಾತ್ರ ಕೇಳಲೇಬೇಕು.

2017ರಲ್ಲಿ ಅಮೆರಿಕದ ಸೆಂಟ್ರಾ ಟೆಕ್ ಹೀಗೆ 2.5 ಕೋಟಿ ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿತು. ತನ್ನ ಮುಖ್ಯಸ್ಥ ಹಾರ್ವರ್ಡ್‌ನಲ್ಲಿ ಓದಿದವನೆಂದು ಫೋಟೋ ಸಮೇತ ಸಾರಿತ್ತು. ಅಂಥ ಮನುಷ್ಯನೇ ಇರಲಿಲ್ಲ! ಬಾಕ್ಸಿಂಗ್ ಪಟು ಫ್ಲಾಯ್ಡ್ ಮೇವೆದರ್ ಅದನ್ನು ಹೊಗಳಿದರು. ಹೊಗಳಿಕೆಗೆ 1 ಲಕ್ಷ ಡಾಲರ್ ಪಡೆದದ್ದನ್ನು ಮಾತ್ರ ಹೇಳಲಿಲ್ಲ. 2018ರಲ್ಲಿ ದಂಡ ತೆತ್ತರು. ಸ್ಥಾಪಕರಲ್ಲೊಬ್ಬನಿಗೆ 2021ರಲ್ಲಿ 8 ವರ್ಷ ಸೆರೆವಾಸವಾಯಿತು. ಮಿರೋಸ್ಕಿ ಎಂಬ ಇನ್ನೊಂದು ಯೋಜನೆಯವರಂತೂ ಹಾಲಿವುಡ್ ನಟ ರಯಾನ್ ಗಾಸ್ಲಿಂಗ್ ಚಿತ್ರವನ್ನೇ ತಮ್ಮ ವಿನ್ಯಾಸಕಾರನದೆಂದು ಅಂಟಿಸಿದ್ದರು.

ಇವು ಮೋಸದ ಕಥೆಗಳಾದವು. ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಮೋಸವೆಂದು ಯಾರೂ ದೂರದ ಮಂಚೀ ಕಂಪನಿಯ ಕಥೆ. ಕ್ಯಾಲಿಫೋರ್ನಿಯಾದ ಈ ಕಂಪನಿ ಹೋಟೆಲ್ ಊಟದ ಬಗ್ಗೆ ಗ್ರಾಹಕರು ಅಭಿಪ್ರಾಯ ಬರೆಯುವ ಮೊಬೈಲ್ ಆ್ಯಪ್ ನಡೆಸುತ್ತಿತ್ತು. 1.5 ಕೋಟಿ ಡಾಲರ್ ಎತ್ತಲು 2017ರ ಕೊನೆಯಲ್ಲಿ ಟೋಕನ್ ಮಾರಾಟಕ್ಕಿಟ್ಟಿತು. ಎರಡನೆಯ ದಿನವೇ ಅಲ್ಲಿನ ಷೇರು ನಿಯಂತ್ರಣ ಆಯೋಗ ವಿಚಾರಿಸಿತು. ಮಾರಾಟ ನಿಂತಿತು, ಕೊಂಡವರ ಹಣ ವಾಪಸಾಯಿತು. ಪರರ ದುಡಿಮೆಯಿಂದ ಲಾಭ ಬರುವುದೆಂಬ ನಿರೀಕ್ಷೆಯಲ್ಲಿ ಜನ ಹಣ ಹಾಕಿದರೆ ಅದು ಷೇರಿನಂತೆಯೇ ನೋಂದಣಿಯಾಗಬೇಕೆಂಬ ನಿಯಮ ಅಮೆರಿಕದಲ್ಲಿದೆ. ಅಲ್ಲಿನ ಸುಪ್ರೀಂ ಕೋರ್ಟ್ 1946ರಲ್ಲಿ ಕಿತ್ತಳೆ ತೋಟದ ಮೊಕದ್ದಮೆಯಲ್ಲಿ ಹಾಕಿಕೊಟ್ಟ ಅಳತೆಗೋಲು ಅದು. ಈ ಅಳತೆಗೆ ತಮ್ಮ ಟೋಕನ್ ಒಳಪಡುವುದಿಲ್ಲ, ಪರಿಶೀಲಿಸಿದ್ದೇವೆ ಎಂದು ಮಂಚೀ ಬರೆದಿತ್ತು. ಪರಿಶೀಲನೆಯ ವಿವರ ಮಾತ್ರ ಎಲ್ಲಿಯೂ ಇರಲಿಲ್ಲ!

ಇಂಥಲ್ಲಿ ಹಟ ಹಿಡಿದು ತಡೆಯುವ ಒಬ್ಬ ವಕೀಲರು, ಪ್ರೋಗ್ರಾಮಿನ ಸಾಲುಸಾಲನ್ನೂ ಓದಿ ತಪ್ಪು ಹುಡುಕುವ ಒಬ್ಬ ತಂತ್ರಜ್ಞರು, ಲೆಕ್ಕ ಬಲ್ಲವರೊಬ್ಬರು ಇದ್ದರೆ ಇಪ್ಪತ್ತು ಫೋಟೋಗಳ ಅಗತ್ಯವಿಲ್ಲ. ಸಂಭಾವನೆಯ ವಿಷಯವೂ ನಾಜೂಕಿನದು. ಸಲಹೆಗಾರರಿಗೆ ಟೋಕನ್ನನ್ನೇ ಕೊಡುವ ರೂಢಿಯಿದೆ. ಮೊದಲ ದಿನವೇ ಮಾರಿಕೊಳ್ಳಲು ಬಿಟ್ಟರೆ ಬೆಲೆ ಏರಿದ ಗಳಿಗೆಯಲ್ಲಿ ಅವರು ಜಾಗ ಖಾಲಿ ಮಾಡಬಹುದು. ವರ್ಷ, ಎರಡು ವರ್ಷಗಳ ಅವಧಿಯಲ್ಲಿ ಕಂತುಕಂತಾಗಿ ಕೈಸೇರುವ ಕರಾರು ಒಳ್ಳೆಯದು. ಅದನ್ನು ಒಪ್ಪದವರನ್ನು ಕೈಮುಗಿದು ಕಳಿಸಿಬಿಡಿ.

ಎಂಜಿನಿಯರಿಂಗ್ ಓದುವ ಮಗಳು ‘ಅಪ್ಪಾ, ನಾವು ಗೆಳತಿಯರು ಸೇರಿ ಟೋಕನ್ ಹೊರಡಿಸುತ್ತೇವೆ, ದೊಡ್ಡವರೆಲ್ಲ ಸಲಹೆಗಾರರಾಗಿದ್ದಾರೆ’ ಎಂದರೆ ಗದರಬೇಡಿ. ಆ ದೊಡ್ಡವರಲ್ಲಿ ಒಬ್ಬರಿಗೆ ಅವಳ ಎದುರಿಗೇ ಫೋನ್ ಮಾಡಿಸಿ. ಹೆಸರು ಹಾಕಲು ಒಪ್ಪಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಯೋಜನೆಯ ಕರಡನ್ನು ಓದಿದ್ದರೆ ಯಾವ ಪುಟದಲ್ಲಿ ಕೆಂಪು ಗೆರೆ ಎಳೆದರು ಎಂಬುದು ಎರಡನೆಯದು.