ನಿಮಗಿದು ಗೊತ್ತೆ? ನುಡಿಸಲೊಲ್ಲದ ವಾದಕ

ಪಿಟೀಲಿನ ಹಿರಿಯ ಸೋದರನೆನ್ನಬಹುದಾದ ಚೆಲ್ಲೊ ವಾದ್ಯದಲ್ಲಿ ಅದ್ವಿತೀಯನೆಂದು ಖ್ಯಾತನಾದ, 1876ರಲ್ಲಿ ಸ್ಪೇನಿನ ಕೆಟಲೋನಿಯಾ ಪ್ರಾಂತದಲ್ಲಿ ಜನಿಸಿದ ಪಾಬ್ಲೊ ಕಸಾಲ್ಸನು, ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೊ ಜಯಶಾಲಿಯಾಗಲು ಸ್ವದೇಶವನ್ನು ತೊರೆದು ಫ್ರಾನ್ಸಿನ ಪ್ರಾದ್ ಎಂಬ ಸಣ್ಣ ಊರಿನಲ್ಲಿ ನೆಲಸಿದನಲ್ಲದೆ, ಎರಡನೆಯ ಮಹಾಯುದ್ಧದ ತರುವಾಯ ಮಿತ್ರರಾಷ್ಟ್ರಗಳು ಆ ಸರ್ವಾಧಿಕಾರಿಯನ್ನು ಸಹಿಸಿಕೊಂಡದ್ದನ್ನು ಕಂಡು ಸಾರ್ವಜನಿಕ ವಾದನವನ್ನೇ ನಿಲ್ಲಿಸಿಬಿಟ್ಟನು. ಕಲಾವಿದನ ಬಳಿ ಬೇರೆ ಯಾವ ಆಯುಧ ತಾನೆ ಇದ್ದೀತು? ಆತನು ಹೊರಡಲೊಲ್ಲದಿರಲು ಸಂಗೀತಲೋಕವೇ ಆತನಿದ್ದೆಡೆಗೆ ಬಂದಿತು: 1950ರಲ್ಲಿ, ಸಂಗೀತರಚನಕಾರ ಬಾಖ್ ನಿಧನದ ದ್ವಿಶತಮಾನ ಸ್ಮರಣೆಯ ಸಂದರ್ಭದಲ್ಲಿ, ಹೆಸರಾಂತ ವಾದಕರು ಪ್ರಾದ್‌ನಲ್ಲಿ ನೆರೆದು ಆತನೊಡನೆ ನುಡಿಸಿದರು. ಮುಂದೆ 1962ರಿಂದ, ಕ್ರಿಸ್ತಜನನವನ್ನು ಕುರಿತ ‘ಎಲ್ ಪೆಸೆಬ್ರೆ’ ಎಂಬ ಸ್ವಂತ ಕೃತಿಯನ್ನೇ ಶಾಂತಿಸಂದೇಶವಾಗಿಸಿಕೊಂಡು, ಎಂಬತ್ತೈದು ವಸಂತಗಳನ್ನು ಕಂಡಿದ್ದ ಈ ವೃದ್ಧನು ದೇಶದೇಶಗಳಲ್ಲಿ ಸಂಚರಿಸಿದನು. 1971ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯು ಶಾಂತಿಪದಕವನ್ನಿತ್ತು ಗೌರವಿಸಿದಾಗ, ಕವಿ ಆಡೆನ್ ರಚಿಸಿದ ಸಾಹಿತ್ಯಕ್ಕೆ ತಾನೇ ಸ್ವರಸಂಯೋಜನೆ ಮಾಡಿದ್ದ ಗೀತೆಯ ವಾದ್ಯವೃಂದವನ್ನು ನಿರ್ದೇಶಿಸಿದ ಆತನ ವಯಸ್ಸು 94. ಫ್ರಾಂಕೊವಿನ ಆಳ್ವಿಕೆಯ ಅಂತ್ಯವನ್ನು ಕಾಣುವ ಭಾಗ್ಯ ಆತನಿಗೊದಗಲಿಲ್ಲ; 1973ರಲ್ಲಿ ಪೋರ್ಟೊರಿಕೊದಲ್ಲಿ ನಿಧನನಾದನು. ಪಾರ್ಥಿವಾವಶೇಷವು ಹುಟ್ಟೂರಾದ ವೆಂಡ್ರೆಲ್‌ಗೆ ಮರಳಿದ್ದು 1979ರಲ್ಲಿ.